‘ಕೆರೆ’ ಅಂತ ಟೈಪ್ ಮಾಡಿದರೆ ಸೊನ್ನೆ

ಬೆಂಗಳೂರಿನ ಕೆರೆಗಳ ಬಗ್ಗೆ ಗೂಗಲ್ ಮಾಡಿದರೆ ಸಿಗೋದು ಬೆಳ್ಳಂದೂರಿನ ನೊರೆಯ ಫೋಟೋ, ಬೆಂಕಿಯ ವಿಡಿಯೋ. ನೂರು ವರ್ಷದ ಹಿಂದಿನ ಸಂಗತಿ ಬೇಕಾದರೆ ಲೈಬ್ರರಿಗೇ ಹೋಗಬೇಕು. ನಾನು ಓದಿದ ಕಾಲೇಜು ಹಳೇ ವಿದ್ಯಾರ್ಥಿಗಳಿಗೂ ಕಾರ್ಡ್ ಕೊಡುತ್ತೆ; ಎಷ್ಟೋ ಶನಿವಾರ ಅಲ್ಲೇ ಕೂರ್ತೀನಿ. ಪುಸ್ತಕಗಳ ಬಗ್ಗೆ ತಕರಾರಿಲ್ಲ. ತಕರಾರಿರೋದು ಬಾಗಿಲ ಪಕ್ಕದ ಕಂಪ್ಯೂಟರಿನಲ್ಲಿರುವ ಕ್ಯಾಟಲಾಗಿನ ಬಗ್ಗೆ.

ಅದರಲ್ಲಿ ಕನ್ನಡದಲ್ಲಿ ‘ಕೆರೆ’ ಅಂತ ಟೈಪ್ ಮಾಡಿ ನೋಡಿ. ಸೊನ್ನೆ. ಕನ್ನಡ ಪುಸ್ತಕಗಳನ್ನೂ ಇಂಗ್ಲಿಷ್ ಅಕ್ಷರದಲ್ಲೇ ನಮೂದಿಸಿದ್ದಾರೆ, ಅದೂ ಟೈಪ್ ಮಾಡಿದವರ ಕಿವಿಗೆ ಕೇಳಿಸಿದ ಹಾಗೆ. ಕಾರಂತರ ಹೆಸರಿನ ಕೊನೆಗೆ ಒಂದು ಕಡೆ ಎಚ್ ಇದೆ, ಇನ್ನೊಂದು ಕಡೆ ಇಲ್ಲ, ಮತ್ತೊಂದು ಕಡೆ ಎಚ್ ಆದಮೇಲೆ ಎ ಕೂಡ ಇದೆ. ಮೂವರು ಕಾರಂತರು! ಸಾಫ್ಟ್‌ವೇರ್ ಸರಿಯಿಲ್ಲ ಅನ್ನೋ ನೆಪ ಇಲ್ಲಿ ನಡೆಯಲ್ಲ. ಅಲ್ಲಿರೋದು ಕೋಹಾ. ನ್ಯೂಜಿಲೆಂಡಿನಲ್ಲಿ ಹುಟ್ಟಿದ, ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲದ, ಯೂನಿಕೋಡ್ ಬಲ್ಲ ಸಾಫ್ಟ್‌ವೇರ್. ಕನ್ನಡದಲ್ಲಿ ತುಂಬಿದ್ದರೆ ಕನ್ನಡದಲ್ಲೇ ಹುಡುಕಿ ಕೊಡುತ್ತಿತ್ತು.

ಇಂಗ್ಲಿಷಿನಲ್ಲೇ ಹುಡುಕೋಣ ಅಂದರೆ ಅದಿನ್ನೊಂದು ಪಜೀತಿ. ನಾವು ಇವತ್ತು ‘ಲೇಕ್’ ಅನ್ನೋದನ್ನ ಬ್ರಿಟಿಷ್ ಕಾಲದ ದಾಖಲೆಗಳು ‘ಟ್ಯಾಂಕ್’ ಅನ್ನುತ್ತವೆ. ‘ಲೇಕ್’ ಕೊಟ್ಟರೆ ಮಾಲಿನ್ಯದ ವರದಿ, ‘ಟ್ಯಾಂಕ್’ ಕೊಟ್ಟರೆ ನೀರಾವರಿಯ ಚರಿತ್ರೆ (ನಡುವೆ ಯುದ್ಧದ ಟ್ಯಾಂಕೂ ನುಗ್ಗುತ್ತೆ, ಸಹಿಸಿಕೊಳ್ಳಿ). ಇವೆರಡೂ ಒಂದೇ ಅಂತ ಕ್ಯಾಟಲಾಗ್ ಎಲ್ಲೂ ಹೇಳಲ್ಲ. ಕಾರ್ಡುಗಳ ಕಾಲದಲ್ಲಿ ‘ಇದನ್ನೂ ನೋಡಿ’ ಅನ್ನೋ ಕಾರ್ಡಾದರೂ ಇರುತ್ತಿತ್ತು. ಕೆರೆ ಕಟ್ಟಿಸಿದವರು, ಅದರ ನಿರ್ವಹಣೆಗೆ ಭೂಮಿ ಬಿಟ್ಟವರು ಎಲ್ಲ ಇರೋದು ಶಾಸನಗಳಲ್ಲಿ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟ 1905ರದ್ದು, ಲೈಬ್ರರಿಯಲ್ಲೇ ಇದೆ. ಆದರೆ ಕೆರೆ ಹುಡುಕಿಕೊಂಡು ಬಂದ ಬಿ.ಎ. ಹುಡುಗಿಗೆ ಅದು ಸಿಗೋದು ಹೇಗೆ? ನಾನು ಅದನ್ನ ಹಿಡಿದದ್ದು ಸುತ್ತು ದಾರಿಯಲ್ಲಿ: ಶೋಧಗಂಗಾದಲ್ಲಿ ಒಂದು ಪಿಎಚ್‌ಡಿ ಪ್ರಬಂಧ ತೆರೆದು, ಕೊನೇ ಪುಟಗಳ ಗ್ರಂಥಸೂಚಿಯಿಂದ ಹೆಸರು ಗುರುತು ಹಾಕಿಕೊಂಡು, ಶೆಲ್ಫಿಗೆ ಹೋಗಿ. ಈ ದಾರಿ ಎಲ್ಲ ಲೈಬ್ರರಿಗಳಲ್ಲೂ ನಡೆಯುತ್ತೆ, ಬಳಸಿಕೊಳ್ಳಿ.

ಓದುಗರ ಸಮಯ ಉಳಿಸಬೇಕು ಅನ್ನೋದು ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಬೆಂಗಳೂರಿನಲ್ಲಿ. ಪ್ರತಿ ಆಗಸ್ಟ್ 12ಕ್ಕೆ ಈ ಲೈಬ್ರರಿಯಲ್ಲೂ ಅವರ ಫೋಟೋಗೆ ಹಾರ ಬೀಳುತ್ತೆ.

ಆ ನಾಲ್ಕನೇ ಸೂತ್ರವನ್ನು ಅಲ್ಲಿ ಪಾಲಿಸುತ್ತಿರೋದು ಒಬ್ಬ ಅಟೆಂಡರ್ ಮಾತ್ರ. ಕೆರೆ ಅಂದ ಕೂಡಲೇ ‘ಬನ್ನಿ ಸಾರ್’ ಅಂತ ಹಯವದನರಾಯರ ಮೈಸೂರು ಗೆಜೆಟಿಯರ್ ಇರೋ ಬೀರು ತೆಗೀತಾರೆ. ಕನ್ನಡ ಪುಸ್ತಕಗಳ ನಿಜವಾದ ಕ್ಯಾಟಲಾಗ್ ಇರೋದು ಅವರ ತಲೆಯಲ್ಲಿ. ಬರುವ ಮಾರ್ಚಿಗೆ ಅವರು ರಿಟೈರ್ ಆಗ್ತಾರೆ. ಅಷ್ಟರೊಳಗೆ ಅವರನ್ನ ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದ ನಮೂದುಗಳನ್ನ ತಿದ್ದಿ ಅಂತ ಸಲಹಾ ಪೆಟ್ಟಿಗೆಗೆ ಎರಡು ಸಲ ಚೀಟಿ ಹಾಕಿದ್ದೀನಿ.