ಅಲ್ಲಾಡುವ ಗೋಡೆಯ ಅಭಿಮಾನಿಗಳು

ಹಳೆಯ ‘ಡಾಕ್ಟರ್ ಹೂ’ ನೋಡಲು ಕೂತವರ ಕಣ್ಣಿಗೆ ಮೊದಲು ಬೀಳುವುದು ಗೋಡೆ. ಯಾರಾದರೂ ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿದರೆ ಸಾಕು, ಬಾಹ್ಯಾಕಾಶ ನೌಕೆಯ ಗೋಡೆ ಗಡಗಡ ಅಲ್ಲಾಡುತ್ತದೆ. ದೂರದ ಗ್ರಹವೆಂದು ತೋರಿಸುವ ಜಾಗ ಇಂಗ್ಲೆಂಡಿನ ಯಾವುದೋ ಕಲ್ಲುಕ್ವಾರಿ. ಭಯ ಹುಟ್ಟಿಸಬೇಕಾದ ಜೀವಿ ರಬ್ಬರ್ ಅಂಗಿ ತೊಟ್ಟ ಮನುಷ್ಯ ಎಂದು ಮೂರನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತದೆ. ಹಾಲಿವುಡ್ಡಿನ ವೈಭವ ಕಂಡು ಬೆಳೆದವರು ಇದನ್ನು ನೋಡಿ ನಗುತ್ತಾರೆ. ನಗಲಿ. ನಾವೂ ನಗುತ್ತೇವೆ. ಆಮೇಲೆ ಮುಂದಿನ ಕಂತು ಹಾಕುತ್ತೇವೆ.

ಬಿಬಿಸಿಯ ಈ ಧಾರಾವಾಹಿ ಶುರುವಾದದ್ದು 1963ರ ನವೆಂಬರ್ 23ರ ಶನಿವಾರ ಸಂಜೆ. ಅದರ ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯ ಕೊಲೆಯಾಗಿತ್ತು. ಜನರ ಮನಸ್ಸೆಲ್ಲ ಆ ಸುದ್ದಿಯಲ್ಲೇ ಇತ್ತು. ಹಾಗಾಗಿ ಮುಂದಿನ ಶನಿವಾರ ಮೊದಲ ಕಂತನ್ನು ಮತ್ತೊಮ್ಮೆ ಹಾಕಿ, ಅದರ ಬೆನ್ನಿಗೇ ಎರಡನೆಯದನ್ನು ತೋರಿಸಿದರು. ಕಥೆಯ ಎಳೆ ಸರಳ. ಕಾಲದಲ್ಲೂ ದೇಶದಲ್ಲೂ ಅಲೆಯಬಲ್ಲ, ಡಾಕ್ಟರ್ ಎಂದಷ್ಟೇ ಕರೆಸಿಕೊಳ್ಳುವ ಒಬ್ಬ ಅಪರಿಚಿತ. ಹೊರಗಿನಿಂದ ನೀಲಿ ಪೆಟ್ಟಿಗೆಯಂತೆ ಕಂಡು ಒಳಗೆ ಹೋದರೆ ಅರಮನೆಯಷ್ಟು ದೊಡ್ಡದಾಗುವ ಅವನ ವಾಹನ ಟಾರ್ಡಿಸ್. ಜೊತೆಗೆ ಒಬ್ಬಿಬ್ಬರು ಸಾಮಾನ್ಯ ಮನುಷ್ಯರು. 1989ರಿಂದ 2005ರವರೆಗಿನ ದೊಡ್ಡ ಕಂದಕವನ್ನು ಬಿಟ್ಟರೆ ಅಂದಿನಿಂದ ಇಂದಿನವರೆಗೆ ಧಾರಾವಾಹಿ ಬಂದೇ ಇದೆ. ಇಷ್ಟು ಕಾಲ ಅಭಿಮಾನಿಗಳು ಅದನ್ನು ಬಿಡದಿರಲು ಕಾರಣ ಅದರ ಬಡತನ ಎಂಬುದು ನನ್ನ ವಾದ. ಅಲ್ಲಿ ಏನೋ ಒಂದು ಸದಾ ಕಡಿಮೆ ಬೀಳುತ್ತದೆ. ಕಡಿಮೆ ಬಿದ್ದದ್ದನ್ನು ನೋಡುವವರೇ ತುಂಬಿಕೊಳ್ಳಬೇಕು. ತಾನು ಕೈಹಾಕಿ ಕಟ್ಟಿದ್ದನ್ನು ಯಾರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಆ ನೀಲಿ ಪೆಟ್ಟಿಗೆಯನ್ನೇ ನೋಡಿ. ಟಾರ್ಡಿಸ್ ಹೋದ ಕಡೆಯಲ್ಲೆಲ್ಲ ಅಲ್ಲಿಗೆ ಒಪ್ಪುವ ವೇಷ ಹಾಕಬೇಕು ಎಂಬುದು ಮೂಲ ಕಲ್ಪನೆ: ರೋಮಿನಲ್ಲಿ ಕಂಬ, ಕಾಡಿನಲ್ಲಿ ಬಂಡೆ ಎಂಬಂತೆ. ಪ್ರತಿ ಕಥೆಗೂ ಹೊಸ ಸಾಮಗ್ರಿ ಮಾಡಿಸಲು ದುಡ್ಡೆಲ್ಲಿ? ವೇಷ ಬದಲಿಸುವ ಯಂತ್ರ ಕೆಟ್ಟಿತೆಂದು ಕಥೆಯಲ್ಲೇ ಹೇಳಿ ಮುಗಿಸಿದರು. ಆಗ ಲಂಡನ್ನಿನ ಬೀದಿಬೀದಿಯಲ್ಲಿದ್ದ ಪೊಲೀಸ್ ಟೆಲಿಫೋನ್ ಪೆಟ್ಟಿಗೆಯ ರೂಪದಲ್ಲೇ ಅದು ಶಾಶ್ವತವಾಗಿ ಸಿಕ್ಕಿಹಾಕಿಕೊಂಡಿತು. ಇಂದು ಬೀದಿಯ ಪೆಟ್ಟಿಗೆಗಳು ಬಹುತೇಕ ಮಾಯವಾಗಿವೆ, ಉಳಿದದ್ದು ಇದು.

ಸದ್ದಿನ ಕಥೆಯೂ ಹೀಗೆಯೇ. ಟಾರ್ಡಿಸ್ ಹೊರಡುವಾಗಿನ ಆ ಏದುಸಿರಿನಂಥ ಕೀರಲು ಸದ್ದನ್ನು ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪಿನ ಬ್ರಯಾನ್ ಹಾಡ್ಸನ್ ಮಾಡಿದ್ದು ಹಳೆಯ ಪಿಯಾನೋದ ದಪ್ಪ ತಂತಿಯ ಮೇಲೆ ಮನೆಯ ಬೀಗದ ಕೈ ಎಳೆದು. ಶೀರ್ಷಿಕೆ ಸಂಗೀತದ ರಾಗ ರಾನ್ ಗ್ರೇನರ್ ಅವರದು. ಅದಕ್ಕೆ ಜೀವ ಕೊಟ್ಟವರು ಅದೇ ವರ್ಕ್‌ಶಾಪಿನ ಡೀಲಿಯಾ ಡರ್ಬಿಶೈರ್. ಅವರ ಕೈಯಲ್ಲಿ ಸಿಂಥಸೈಜರ್ ಇರಲಿಲ್ಲ. ಮೀಟಿದ ಒಂದು ತಂತಿ, ಪರೀಕ್ಷೆಗೆ ಬಳಸುವ ಆಸಿಲೇಟರುಗಳು, ಇವುಗಳಿಂದ ಒಂದೊಂದೇ ಸ್ವರ ಹಿಡಿದು, ಅದರ ಟೇಪನ್ನು ಅಳೆದು ಬ್ಲೇಡಿನಿಂದ ಕತ್ತರಿಸಿ, ಒಂದಕ್ಕೊಂದು ಅಂಟಿಸಿದರು. ಗ್ರೇನರ್ ಕೇಳಿ ಬೆರಗಾದರು, ಗೌರವಧನದಲ್ಲಿ ಅವರಿಗೂ ಪಾಲು ಕೊಡಿಸಲು ನೋಡಿದರು. ಸಂಸ್ಥೆಯ ನಿಯಮ ಒಪ್ಪಲಿಲ್ಲ. ಡರ್ಬಿಶೈರ್ ಹೆಸರು ಧಾರಾವಾಹಿಯ ಪರದೆಯ ಮೇಲೆ ಬಂದದ್ದು 2013ರಲ್ಲಿ, ಅವರು ತೀರಿಕೊಂಡು ಹನ್ನೆರಡು ವರ್ಷವಾದ ಮೇಲೆ. ಅಭಿಮಾನಿಗಳು ಮಾತ್ರ ಎಷ್ಟೋ ಮೊದಲೇ ಆ ಹೆಸರನ್ನು ಮಂತ್ರದ ಹಾಗೆ ಹೇಳುತ್ತಿದ್ದರು.

ಡಾಕ್ಟರನ ಕಡುವೈರಿಗಳಾದ ಡಾಲೆಕ್‌ಗಳೂ ಅಷ್ಟೆ. ಉಬ್ಬುಗಣ್ಣಿನ ಭೂತಗಳು ಬೇಡವೇ ಬೇಡ ಎಂದಿದ್ದವರು ಧಾರಾವಾಹಿಯ ಮೂಲಪುರುಷ ಸಿಡ್ನಿ ನ್ಯೂಮನ್. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಆಗ ಇಪ್ಪತ್ತೇಳರ ಹುಡುಗಿ, ಬಿಬಿಸಿ ನಾಟಕ ವಿಭಾಗದ ಏಕೈಕ ಮಹಿಳಾ ನಿರ್ಮಾಪಕಿ. ಆದರೂ ಟೆರಿ ನೇಷನ್ ಬರೆದ ಕಥೆಯನ್ನು ಬಿಡಲಿಲ್ಲ. ಒಳಗೆ ಮನುಷ್ಯನಿದ್ದಾನೆಂದು ಗೊತ್ತಾಗದಂತೆ ಕಾಲೇ ಕಾಣದ ಜೀವಿ ಬೇಕಿತ್ತು. ನೆಲ ಮುಟ್ಟುವ ಲಂಗ ತೊಟ್ಟು ಜಾರಿದಂತೆ ಸಾಗುವ ಜಾರ್ಜಿಯಾ ದೇಶದ ನರ್ತಕಿಯರು ನೇಷನ್ ಮನಸ್ಸಿನಲ್ಲಿದ್ದರು. ರೂಪ ಕೊಟ್ಟವರು ವಿನ್ಯಾಸಕ ರೇಮಂಡ್ ಕ್ಯೂಸಿಕ್. ಕೈಯ ಬದಲಿಗೆ ಅವರು ಅಂಟಿಸಿದ್ದು ಕಟ್ಟಿಕೊಂಡ ಸಿಂಕನ್ನು ಒತ್ತಿ ಬಿಡಿಸುವ ರಬ್ಬರ್ ಬಟ್ಟಲು. ಆ ಕಥೆ ಮುಗಿಯುವ ಹೊತ್ತಿಗೆ ನೋಡುಗರ ಸಂಖ್ಯೆ ಒಂದು ಕೋಟಿ ದಾಟಿತ್ತು. ನೇಷನ್ ಶ್ರೀಮಂತರಾದರು, ಸಂಬಳದ ನೌಕರ ಕ್ಯೂಸಿಕ್ ಅವರಿಗೆ ಸಿಕ್ಕದ್ದು ಪುಡಿಗಾಸು.

ಚಿತ್ರೀಕರಣ ನಡೆದದ್ದು ಲಂಡನ್ನಿನ ಲೈಮ್ ಗ್ರೋವ್ ಸ್ಟುಡಿಯೋದ ಇಕ್ಕಟ್ಟಿನಲ್ಲಿ. ಟೇಪು ಕತ್ತರಿಸಿ ಜೋಡಿಸುವುದು ದುಬಾರಿ, ಆದ್ದರಿಂದ ನಾಟಕದ ಹಾಗೆ ಒಂದೇ ಓಟದಲ್ಲಿ ಮುಗಿಸಬೇಕಿತ್ತು. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಮಾತು ತಪ್ಪಿದರೆ ತಪ್ಪೇ ಪ್ರಸಾರವಾಗುತ್ತಿತ್ತು. ವಿಕಿರಣ ತಡೆಯುವ ಔಷಧ ಎನ್ನಬೇಕಾದ ಕಡೆ ಅವರು ಕೈಗವಸು ಎಂದು, ಸಾವರಿಸಿಕೊಂಡು ಮುಂದೆ ಹೋಗುತ್ತಾರೆ. ಅಭಿಮಾನಿಗಳಿಗೆ ಈ ತಪ್ಪುಗಳು ಬಾಯಿಪಾಠ. ಅವು ತೊದಲುವ ನಟನವೋ, ಮರೆವಿನ ಮುದುಕ ಡಾಕ್ಟರನವೋ ಎಂದು ಹೇಳಲಾಗುವುದಿಲ್ಲ, ಅದೇ ಅದರ ಸೊಗಸು.

ಹಾರ್ಟ್‌ನೆಲ್ ಆರೋಗ್ಯ ಕೈಕೊಟ್ಟಾಗ ಬಂದ ಉಪಾಯವೇ ಧಾರಾವಾಹಿಯ ಆಯುಸ್ಸನ್ನು ಹೆಚ್ಚಿಸಿದ್ದು. ನಾಯಕನಟ ಹೋದರೆ ಕಥೆ ನಿಲ್ಲಿಸಬೇಕು, ಇಲ್ಲವೇ ಸದ್ದಿಲ್ಲದೆ ಇನ್ನೊಬ್ಬನನ್ನು ತಂದು ಕೂರಿಸಬೇಕು. ಇವರು ಎರಡನ್ನೂ ಮಾಡಲಿಲ್ಲ. 1966ರ ಅಕ್ಟೋಬರಿನಲ್ಲಿ ಮುದಿ ಡಾಕ್ಟರ್ ನೆಲಕ್ಕೆ ಬಿದ್ದ, ಮುಖ ಬೆಳಗಿತು, ಎದ್ದವನು ಪ್ಯಾಟ್ರಿಕ್ ಟ್ರೌಟನ್. ಮುಖ ಬೇರೆ, ನಡೆ ಬೇರೆ, ತಮಾಷೆ ಬೇರೆ, ಆದರೂ ಅವನೇ. ನಮ್ಮ ಕರಾವಳಿಯಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ಇದರ ರುಚಿಯನ್ನು ವಿವರಿಸಬೇಕಿಲ್ಲ. ಕೌರವನ ಕಥೆ ಎಲ್ಲರಿಗೂ ಗೊತ್ತು. ಈ ಮೇಳದ ಕೌರವ ಹೇಗೆ ರಂಗಕ್ಕೆ ಬಂದ, ಆ ಮೇಳದವನು ಅದೇ ಮಾತನ್ನು ಹೇಗೆ ಎತ್ತಿದ ಎಂಬುದರ ಮೇಲೆ ಬೆಳಗಿನ ಚಹಾದವರೆಗೆ ಚರ್ಚೆ. ಡಾಕ್ಟರನ ಅಭಿಮಾನಿಗಳೂ ಇಂಥ ರಸಿಕರೇ. ಏಳು ವರ್ಷ ಉದ್ದದ ಶಾಲು ಬೀಸಿಕೊಂಡು ಓಡಾಡಿದ ಟಾಮ್ ಬೇಕರ್ ದೊಡ್ಡವನೋ, ಎರಡು ಸಾವಿರ ವರ್ಷದ ಆಯಾಸವನ್ನು ಹುಬ್ಬಿನಲ್ಲೇ ತೋರಿಸುವ ಪೀಟರ್ ಕಪಾಲ್ಡಿಯೋ? ಸಾಮಾನ್ಯವಾಗಿ ಮೊದಲು ಕಂಡ ಡಾಕ್ಟರನೇ ತನ್ನ ಡಾಕ್ಟರ್ ಎಂಬ ಮಾತಿದೆ. ನನ್ನ ಮತ ಟ್ರೌಟನ್‌ಗೆ. ಮಂಗಾಟವಾಡುತ್ತ ಎದುರಾಳಿಯನ್ನು ಅಳೆಯುವ ಆ ಕಣ್ಣು ಆಮೇಲಿನ ಎಲ್ಲ ಡಾಕ್ಟರುಗಳಿಗೂ ಬಂಡವಾಳ.

ಈ ಉಪಾಯವೂ ಆಗಾಗ ಹರಕಲಾಗಿ ಜಾರಿಯಾದದ್ದಿದೆ. 1987ರಲ್ಲಿ, ತೆಗೆದುಹಾಕಲ್ಪಟ್ಟ ಕಾಲಿನ್ ಬೇಕರ್ ರೂಪಾಂತರದ ದೃಶ್ಯಕ್ಕಾಗಿ ಮರಳಿ ಬರಲು ಒಪ್ಪಲಿಲ್ಲ. ಹೊಸ ಡಾಕ್ಟರ್ ಸಿಲ್ವೆಸ್ಟರ್ ಮೆಕಾಯ್ ಅವರೇ ಹಳಬನ ಅಂಗಿ ಹಾಕಿ, ಗುಂಗುರು ವಿಗ್ ಇಟ್ಟುಕೊಂಡು, ಮುಖ ಕೆಳಗೆ ಮಾಡಿ ಮಲಗಿದರು. ಈ ದೃಶ್ಯ ಬಂದಾಗ ಅಭಿಮಾನಿಗಳು ನರಳುತ್ತಾರೆ, ಆದರೆ ಮುಂದೆ ಓಡಿಸುವುದಿಲ್ಲ.

ಇನ್ನು ಕಳೆದುಹೋದ ಕಂತುಗಳ ವಿಷಯ. 1969ರವರೆಗಿನ ಮೊದಲ ಆರು ವರ್ಷಗಳಲ್ಲಿ ಬಂದ 253 ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚಿನವು ಇಂದು ಇಲ್ಲ. ಟೇಪು ದುಬಾರಿ, ಮರುಪ್ರಸಾರಕ್ಕೆ ಕಲಾವಿದರ ಒಪ್ಪಂದದ ತೊಡಕು, ಮನೆಯಲ್ಲಿ ವಿಡಿಯೋ ನೋಡುವ ಕಾಲ ಬರುತ್ತದೆಂಬ ಕನಸೂ ಇಲ್ಲ. ಟೇಪು ಅಳಿಸಿ ಬೇರೆ ಕಾರ್ಯಕ್ರಮ ತುಂಬಿದರು. ವಿದೇಶಗಳಿಗೆ ಮಾರಲು ತೆಗೆದ ಫಿಲ್ಮ್ ಪ್ರತಿಗಳೂ ಅವಧಿ ಮುಗಿದ ಮೇಲೆ ಕಸವಾದವು. ಮೊದಲ ರೂಪಾಂತರದ ಕಂತೇ ಕಳೆದುಹೋಗಿದೆ. ಆ ಒಂದು ದೃಶ್ಯ ಮಾತ್ರ ಉಳಿದಿದೆ, ಮಕ್ಕಳ ಕಾರ್ಯಕ್ರಮವೊಂದು 1973ರಲ್ಲಿ ಅದನ್ನು ಬಳಸಿಕೊಂಡದ್ದರಿಂದ.

ಇಲ್ಲಿ ಅಭಿಮಾನಿಗಳು ಬರುತ್ತಾರೆ. ಕಳೆದುಹೋದ ಒಂದೊಂದು ಕಂತಿನ ಧ್ವನಿಯೂ ಇಂದು ಪೂರ್ತಿ ಲಭ್ಯವಿದೆ. ಕಾರಣ, ಆಗಿನ ಮಕ್ಕಳು, ಹದಿಹರೆಯದವರು ಟಿವಿಯ ಪಕ್ಕ ಟೇಪ್ ರೆಕಾರ್ಡರ್ ಇಟ್ಟು, ಮನೆಯವರನ್ನು ಸುಮ್ಮನಿರಿಸಿ ಹಿಡಿದುಕೊಂಡಿದ್ದರು. ಸಂಸ್ಥೆ ಎಸೆದದ್ದನ್ನು ಹುಡುಗರು ಉಳಿಸಿದರು. ಆಸ್ಟ್ರೇಲಿಯಾದಲ್ಲಿ ಇನ್ನೂ ವಿಚಿತ್ರ: ಮಕ್ಕಳಿಗೆ ತಕ್ಕದ್ದಲ್ಲವೆಂದು ಸೆನ್ಸಾರಿನವರು ಕತ್ತರಿಸಿದ ಕೆಲವು ಸೆಕೆಂಡುಗಳ ತುಣುಕುಗಳು ಸರ್ಕಾರಿ ದಾಖಲೆಯಲ್ಲಿ ಕೂತಿದ್ದವು. ಪೂರ್ತಿ ಕಂತು ಹೋಯಿತು, ನೋಡಬಾರದೆಂದು ತೆಗೆದ ಚೂರುಗಳಷ್ಟೇ ನೋಡಲು ಸಿಕ್ಕವು! 2013ರಲ್ಲಿ ನೈಜೀರಿಯಾದ ಟಿವಿ ಕೇಂದ್ರವೊಂದರಿಂದ ಒಂಬತ್ತು ಕಂತುಗಳು ಪತ್ತೆಯಾಗಿ ಹೊರಬಂದಾಗ ಅಭಿಮಾನಿ ಲೋಕದಲ್ಲಿ ಹಬ್ಬ. ಸಿನಿಮಾ ಪ್ರತಿಗಳನ್ನು ಜೋಪಾನ ಮಾಡದೆ ಎಷ್ಟೋ ಹಳೆಯ ಚಿತ್ರಗಳನ್ನು ಕಳೆದುಕೊಂಡ ನಾವು ಆ ಹಬ್ಬವನ್ನು ಹೊಟ್ಟೆಕಿಚ್ಚಿನಿಂದ ನೋಡಬಹುದು.

1989ರಲ್ಲಿ ಪ್ರಸಾರ ನಿಂತಿತು. ಅಭಿಮಾನಿಗಳು ನಿಲ್ಲಲಿಲ್ಲ. ಕಾದಂಬರಿ ಬರೆದರು, 1999ರಿಂದ ಬಿಗ್ ಫಿನಿಶ್ ಎಂಬ ಸಂಸ್ಥೆ ಹಳೆಯ ನಟರನ್ನೇ ಕರೆದು ಧ್ವನಿನಾಟಕ ಮಾಡಿತು. ಪಾಲ್ ಕಾರ್ನೆಲ್ 1995ರಲ್ಲಿ ಬರೆದ ಕಾದಂಬರಿಯೊಂದು 2007ರಲ್ಲಿ ಟಿವಿಗೇ ಬಂತು. 2005ರಲ್ಲಿ ಧಾರಾವಾಹಿಯನ್ನು ಮರಳಿ ಎಬ್ಬಿಸಿದ ರಸೆಲ್ ಟಿ. ಡೇವಿಸ್, ಆಮೇಲೆ ನಡೆಸಿದ ಸ್ಟೀವನ್ ಮಾಫಟ್, ಇಬ್ಬರೂ ಬಾಲ್ಯದಿಂದ ಅಭಿಮಾನಿಗಳು. ಕಪಾಲ್ಡಿ ಹದಿನೈದರ ಹುಡುಗನಾಗಿದ್ದಾಗ ‘ರೇಡಿಯೋ ಟೈಮ್ಸ್’ ಪತ್ರಿಕೆಗೆ ಡಾಕ್ಟರನ ಬಗ್ಗೆ ಓಲೆ ಬರೆದವರು. ಡೇವಿಡ್ ಟೆನಂಟ್ ಡಾಕ್ಟರ್ ಆದದ್ದಷ್ಟೇ ಅಲ್ಲ, ಐದನೇ ಡಾಕ್ಟರ್ ಪೀಟರ್ ಡೇವಿಸನ್ನರ ಅಳಿಯನೂ ಆದರು. ಅಭಿಮಾನ ಇದಕ್ಕಿಂತ ಮುಂದೆ ಹೋಗಲು ಜಾಗವಿಲ್ಲ.

ಅಭಿಮಾನಿಗಳ ಕೈಗೆ ಅಡುಗೆಮನೆ ಸಿಕ್ಕಿದ್ದರ ಕೆಡುಕೂ ಇದೆ. ಎಲ್ಲ ತೂತನ್ನೂ ಮುಚ್ಚುವ ಚಪಲ. 2020ರ ಕಥೆಯೊಂದು, ಹಾರ್ಟ್‌ನೆಲ್‌ಗೂ ಮೊದಲು ಡಾಕ್ಟರನಿಗೆ ಲೆಕ್ಕವಿಲ್ಲದಷ್ಟು ಜನ್ಮಗಳಿದ್ದವೆಂದು ಉದ್ದುದ್ದ ವಿವರಿಸಿತು. ಯಾರಿವನು ಎಂಬುದನ್ನು ಹೇಳದೆ ಐವತ್ತು ವರ್ಷ ಸಾಗಿದ್ದೇ ಸಾಧನೆಯಾಗಿತ್ತು, ಉತ್ತರ ಕೇಳಿದವರಾರು? 2023ರಿಂದ ಡಿಸ್ನಿಯ ಹಣ ಬಂತು, ಗೋಡೆಗಳು ಗಟ್ಟಿಯಾದವು, ಎರಡು ಸರಣಿಯ ನಂತರ ಆ ನಂಟೂ ಮುಗಿಯಿತು. ಆಗಿನ ಡಾಕ್ಟರ್ ಶೂಟಿ ಗಾಟ್ವಾ ಸೊಗಸಾದ ನಟ. ಆದರೆ ಅವರ ಕಾಲದ ಕಥೆಗಳಲ್ಲಿ ಎಲ್ಲವೂ ಪರದೆಯ ಮೇಲೇ ಮುಗಿದುಬಿಡುತ್ತದೆ, ನಮಗೆ ಮಾಡಲು ಕೆಲಸ ಉಳಿಯುವುದಿಲ್ಲ.

ಹೊಸ ಕಾಲದಲ್ಲಿ ಹಳೆಯ ಸಂಯಮ ಉಳಿದಿರುವ ಕಂತೊಂದು ನಮಗೆ ಹತ್ತಿರದ್ದು. 2018ರ ‘ಡೀಮನ್ಸ್ ಆಫ್ ದ ಪಂಜಾಬ್’, ಬರೆದವರು ವಿನಯ್ ಪಟೇಲ್. ಡಾಕ್ಟರ್ ಆಗ ಜೋಡಿ ವಿಟ್ಟೇಕರ್. ಜೊತೆಗಾತಿ ಯಾಸ್ಮಿನ್ ಖಾನ್‌ಗೆ ಅಜ್ಜಿಯ ಕೆಟ್ಟ ಕೈಗಡಿಯಾರದ ಗುಟ್ಟು ತಿಳಿಯಬೇಕು. ಟಾರ್ಡಿಸ್ ಹೋಗಿ ಇಳಿಯುವುದು 1947ರ ಆಗಸ್ಟಿಗೆ. ಅಜ್ಜಿ ಉಂಬ್ರೀನ್ ಮದುವೆಯಾಗಲಿರುವುದು ಪ್ರೇಮ್ ಎಂಬ ಹಿಂದೂ ಹುಡುಗನನ್ನು, ಹೊಸ ಗಡಿ ಹಾದುಹೋಗುವ ಹೊಲದಲ್ಲಿ. ಅನ್ಯಗ್ರಹದ ಭಯಂಕರ ರೂಪಿನ ಇಬ್ಬರು ಸುಳಿದಾಡುತ್ತಾರೆ. ಕೊಲೆಗಡುಕರು ಅವರೇ ಎಂದುಕೊಳ್ಳುತ್ತೇವೆ. ಅವರು ಬಂದಿರುವುದು ಒಂಟಿಯಾಗಿ ಸಾಯುವವರಿಗೆ ಸಾಕ್ಷಿಯಾಗಿ ನಿಲ್ಲಲು. ಕೊಲ್ಲಿಸುವವನು ಮನೆಯಲ್ಲೇ ಇದ್ದಾನೆ, ಪ್ರೇಮನ ತಮ್ಮ. ಡಾಕ್ಟರ್ ಕೈಕಟ್ಟಿ ನಡೆದುಹೋಗಬೇಕು, ಏಕೆಂದರೆ ಪ್ರೇಮ್ ಬದುಕಿದರೆ ಯಾಸ್ಮಿನ್ ಹುಟ್ಟುವುದಿಲ್ಲ. ಗುಂಡಿನ ಸದ್ದು ಬೆನ್ನ ಹಿಂದೆ ಕೇಳುತ್ತದೆ. ಇಡೀ ವಿಭಜನೆಯನ್ನು ತೋರಿಸುವ ದುಡ್ಡು ಯಾವ ಟಿವಿಗೂ ಇಲ್ಲ. ಒಂದು ಹೊಲ, ಒಂದು ಮನೆ, ಇಬ್ಬರು ಅಣ್ಣತಮ್ಮಂದಿರು ಸಾಕಾದರು.

ಇದಕ್ಕೊಂದು ಹಿಂದಿನ ತಂತುವಿದೆ. 1963ರ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್, ಲಖನೌದಲ್ಲಿ 1938ರಲ್ಲಿ ಹುಟ್ಟಿದವರು. ಅವರ ತಾಯಿ ಅತಿಯಾ ಹುಸೇನ್. ಲಖನೌದ ತಾಲ್ಲೂಕುದಾರಿ ಮನೆತನವೊಂದು ವಿಭಜನೆಯ ಹೊತ್ತಿಗೆ ಒಡೆಯುವುದನ್ನು ಇಂಗ್ಲಿಷ್ ಕಾದಂಬರಿಯಾಗಿಸಿದ ಲೇಖಕಿ. ಮಗ ಆಮೇಲೆ ಬಹುಪಾಲು ನಿರ್ದೇಶಿಸಿದ, ಇದೇ ಧಾರಾವಾಹಿಯ ‘ಮಾರ್ಕೋ ಪೋಲೋ’ ಕಥೆಯ ಏಳು ಕಂತುಗಳಲ್ಲಿ ಒಂದೂ ಉಳಿದಿಲ್ಲ. ಧ್ವನಿ ಇದೆ, ಸೆಟ್ಟಿನ ಬಣ್ಣದ ಫೋಟೋಗಳಿವೆ. ಧ್ವನಿ ಹಾಕಿಕೊಂಡು ಫೋಟೋ ನೋಡುತ್ತ ಕೂತರೆ ಕುಬ್ಲಾಯ್ ಖಾನನ ಆಸ್ಥಾನ ನಮ್ಮ ಅಳತೆಗೆ ತಕ್ಕಂತೆ ದೊಡ್ಡದಾಗುತ್ತದೆ.

ಹೊಸಬರು ಎಲ್ಲಿಂದ ಶುರುಮಾಡಬೇಕು ಎಂದು ಕೇಳುವವರಿಗೆ: 2007ರ ‘ಬ್ಲಿಂಕ್’. ಕಣ್ಣು ಮಿಟುಕಿಸಿದರೆ ಹತ್ತಿರ ಬರುವ ಕಲ್ಲಿನ ಪ್ರತಿಮೆಗಳ ಕಥೆ. ಪ್ರತಿಮೆಗಳು ಚಲಿಸುವುದನ್ನು ಒಮ್ಮೆಯೂ ತೋರಿಸದೆ ಹೆದರಿಸುತ್ತದೆ. ಆಮೇಲೆ ವಾನ್‌ಗೋ ಬರುವ 2010ರ ಕಂತು. ಡಗ್ಲಸ್ ಆಡಮ್ಸ್ ಕೈಯಾಡಿಸಿದ, ಪ್ಯಾರಿಸ್ಸಿನಲ್ಲಿ ನಡೆಯುವ 1979ರ ‘ಸಿಟಿ ಆಫ್ ಡೆತ್’ ನಗಿಸುತ್ತದೆ. ಕಪಾಲ್ಡಿ ಹೆಚ್ಚುಕಮ್ಮಿ ಒಬ್ಬರೇ ಹೊರುವ 2015ರ ‘ಹೆವೆನ್ ಸೆಂಟ್’ ಅನ್ನು ಕಡೆಗಿಟ್ಟುಕೊಳ್ಳಿ. ಕಪ್ಪುಬಿಳುಪಿನ ಕಾಲದ್ದನ್ನು ಒಂದೇ ರಾತ್ರಿ ನುಂಗಬೇಡಿ, ಅಜೀರ್ಣವಾಗುತ್ತದೆ. ಮೊಟ್ಟಮೊದಲ ಕಂತು ಅದ್ಭುತ. ಮುಂದಿನ ಮೂರು, ಬೆಂಕಿ ಮಾಡಲು ಬಾರದ ಗುಹೆಯ ಜನರ ಜಗಳ, ಹಾರಿಸಿದರೂ ನಷ್ಟವಿಲ್ಲ. ಅಲ್ಲಿಂದ ಡಾಲೆಕ್ ಕಥೆಗೆ ಹೋಗಿ. ಅದರ ಮೊದಲ ಕಂತಿನ ಕೊನೆಯಲ್ಲಿ ಡಾಕ್ಟರನ ಜೊತೆಗಾತಿ ಬಾರ್ಬರಾ ಗೋಡೆಗೊರಗಿ ಕಿರುಚುತ್ತಾಳೆ, ನಮಗೆ ಕಾಣುವುದು ಮುಂದಕ್ಕೆ ಬರುವ ಆ ರಬ್ಬರ್ ಬಟ್ಟಲು ಮಾತ್ರ. 1963ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಮಕ್ಕಳು ಅದರ ಹಿಂದಿರುವುದನ್ನು ನೋಡಲು ಇನ್ನೊಂದು ಶನಿವಾರದವರೆಗೆ ಕಾದರು. ನೀವೂ ಅಲ್ಲಿ ಟಿವಿ ಆರಿಸಿ, ಒಂದು ವಾರ ಬಿಟ್ಟು ಮುಂದಿನದನ್ನು ಹಾಕಿ. ಮನೆಯಲ್ಲಿ ಮಕ್ಕಳಿದ್ದರೆ ಜಗಳವಾಗುತ್ತದೆ, ಆಗಲಿ.