ಚಾವಣಿ ಎಣಿಸಿದರೆ ಜನರನ್ನು ಎಣಿಸಿದಂಗಲ್ಲ

ಬಡದೇಶಗಳ ಜನಗಣತಿಗೆ ಉಪಗ್ರಹದ ಚಿತ್ರಗಳ ನೆರವು ಕೊಡುತ್ತೇವೆ ಎಂದು ಶ್ರೀಮಂತ ದೇಶಗಳ ವಿಶ್ವವಿದ್ಯಾಲಯಗಳು ಮುಂದೆ ಬಂದಿವೆ. ಹೊಗಳುವ ಮೊದಲು, ತೆಗಳುವ ಮೊದಲು, ಈ ಮಾತನ್ನು ಭೀಮಾ ದಂಡೆಯ ಘತ್ತರಗಿಯಂಥ ಊರಿಗೆ ತಂದು ನಿಲ್ಲಿಸಿ ನೋಡಬೇಕು.

ವಿಧಾನ ಸರಳ ಐತಿ. ಮೇಲಿನಿಂದ ತೆಗೆದ ಚಿತ್ರದಲ್ಲಿ ಯಂತ್ರ ಚಾವಣಿಗಳನ್ನು ಎಣಿಸುತ್ತದೆ. ನೆಲದ ಮೇಲೆ ಕೆಲವೇ ಕಡೆ ಜನರನ್ನು ಎಣಿಸಿ, ಮನೆಗೆ ಸರಾಸರಿ ಇಷ್ಟು ಮಂದಿ ಎಂದು ಲೆಕ್ಕ ಕಟ್ಟಿ, ಉಳಿದ ಊರುಗಳಿಗೂ ಅದನ್ನೇ ಹಚ್ಚುತ್ತಾರೆ. 2019ರಲ್ಲಿ ಆಫ್ರಿಕಾದ ಬುರ್ಕಿನಾ ಫಾಸೊ ದೇಶದಲ್ಲಿ ಹಿಂಸೆಯ ಕಾರಣಕ್ಕೆ ಗಣತಿದಾರರು ಕಾಲಿಡಲಾಗದ ಸೀಮೆಗೆ ಹೀಗೇ ಲೆಕ್ಕ ಹಾಕಿದರು. ನೈಜೀರಿಯಾದಲ್ಲಿ ಪೋಲಿಯೊ ಹನಿ ತಲುಪದ ಹಳ್ಳಿಗಳನ್ನು ಇಂಥ ಚಿತ್ರಗಳು ತೋರಿಸಿಕೊಟ್ಟವು. ನಕಾಶೆಯಲ್ಲಿ ಇರದ ಊರು ಆಕಾಶಕ್ಕೆ ಕಂಡಿತು. ಇದನ್ನು ಇಲ್ಲ ಅನ್ನಬಾರದು.

ಆದರ ನಮ್ಮ ಕಡೆ ಚಾವಣಿ ಅಂದ್ರ ಏನು? ಮಣ್ಣಿನ ಮಾಳಿಗೆ ನೆಲದ ಬಣ್ಣದ್ದೇ ಇರುತ್ತದೆ. ಮನೆ ಯಾವುದು, ಅಂಗಳ ಯಾವುದು, ಮ್ಯಾಲಿಂದ ತಿಳಿಯುವುದು ಕಷ್ಟ. ಕೇರಿಯ ಒಂದು ತಗಡಿನಡಿ ಮೂವರು ಅಣ್ಣತಮ್ಮಂದಿರ ಮೂರು ಒಲಿ ಉರೀತಾವ. ದೊಡ್ಡವರ ವಾಡೆಯೊಳಗ ಇಬ್ಬರೇ ಮುದುಕರು. ಚಾವಣಿಯ ಅಗಲ ನೋಡಿ ಮಂದಿ ಹಂಚುವ ಲೆಕ್ಕ ವಾಡೆಗೆ ಹೆಚ್ಚು, ಕೇರಿಗೆ ಕಡಿಮೆ ಕೊಡುತ್ತದೆ. ಸರಾಸರಿ ಎಂಬುದು ಯಾರ ಪಾಲನ್ನು ಯಾರ ಹೆಸರಿಗೆ ಬರೆಯುತ್ತದೆ, ವಿಚಾರ ಮಾಡ್ರಿ.

ಇನ್ನು ಗುಳೆ. 2011ರ ಎಣಿಕೆ ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. 2027ರ ಗಣತಿಗೂ ಮಾರ್ಚ್ 1 ಆಧಾರ ದಿನವೆಂದು ಗೊತ್ತುಮಾಡಿದ್ದಾರೆ. ಆ ಹೊತ್ತಿಗೆ ನಮ್ಮ ಮಂದಿ ಕಬ್ಬು ಕಡಿಯಲು, ಪುಣೆ, ಮುಂಬೈ, ಬೆಂಗಳೂರಿನಲ್ಲಿ ಕಲ್ಲುಮಣ್ಣು ಹೊರಲು ಹೋಗಿರುತ್ತಾರೆ. ಎಣಿಕೆಯ ಅಷ್ಟೂ ದಿನ ಊರಲ್ಲಿ ಇರದವರನ್ನು ಇದ್ದಲ್ಲೇ ಬರೆಯಬೇಕು ಎಂಬುದು ಗಣತಿಯ ನಿಯಮ. ಇದ್ದಲ್ಲಿ ಅಂದರೆ ಎಲ್ಲಿ? ನಿನ್ನೆ ಮೊನ್ನೆ ಹಾಕಿದ ತಗಡಿನ ಶೆಡ್ಡಿನಲ್ಲಿ. ಹೋದ ವರ್ಷ ತೆಗೆದ ಚಿತ್ರದಲ್ಲಿ ಆ ಶೆಡ್ಡಿಲ್ಲ. ಊರಿನ ಚಿತ್ರದಲ್ಲಿ ಮನೆ ಐತಿ, ಬಾಗಿಲಿಗೆ ಹಾಕಿದ ಕೀಲಿ ಕಾಣುವುದಿಲ್ಲ.

ಇದು ಬರೇ ಅಂಕಿಯ ಜಗಳ ಅಲ್ಲ. 2011ರ ಗಣತಿಯನ್ನು ಸರ್ಕಾರವೇ ಮರುಪರಿಶೀಲಿಸಿದಾಗ ಸಾವಿರಕ್ಕೆ 23 ಮಂದಿ ಬಿಟ್ಟುಹೋಗಿದ್ದರು. 2013ರ ಆಹಾರ ಭದ್ರತಾ ಕಾಯ್ದೆಯ ಪಡಿತರ ಹಂಚಿದ್ದು ಅದೇ 2011ರ ಲೆಕ್ಕದ ಮೇಲೆ. ಪಂಚಾಯಿತಿಯಲ್ಲಿ ಪರಿಶಿಷ್ಟರ ಮೀಸಲು ಸ್ಥಾನಗಳಿಗೂ ತಲೆಯೆಣಿಕೆಯೇ ಆಧಾರ. ಸ್ವತಂತ್ರ ಭಾರತದ ಜನಗಣತಿಯಲ್ಲಿ ಮೊದಲ ಸಲ ಎಲ್ಲರ ಜಾತಿ ಕೇಳುವುದೆಂದು 2025ರಲ್ಲಿ ತೀರ್ಮಾನವಾಯಿತು. ಜಾತಿಯನ್ನು ಬಾಯಿಂದ ಕೇಳಿ ಬರೆಯಬೇಕು, ಉಪಗ್ರಹ ಕೇಳುವುದಿಲ್ಲ. ಊರು ಒಂದು ಕಡೆ, ಕೇರಿ ಒಂದು ಕಡೆ ಇರುವುದನ್ನು ಮಾತ್ರ ಅದು ಮುಚ್ಚಿಡದೆ ತೋರಿಸುತ್ತದೆ.

ಹಾಗಾಗಿ ಆ ಚಿತ್ರ ಗಣತಿದಾರನ ಬದಲಿಗೆ ಬೇಡ, ಗಣತಿದಾರನನ್ನು ಪ್ರಶ್ನಿಸಲು ಬೇಕು. ಅದನ್ನು ಗ್ರಾಮಸಭೆಯ ಗೋಡೆಗೆ ಹಚ್ಚಲಿ. 'ಇಲ್ಲಿ ಹನ್ನೆರಡು ಚಾವಣಿ ಅದಾವ, ನಿಮ್ಮ ಪಟ್ಟಿಯೊಳಗ ಒಂಬತ್ತೇ ಯಾಕ?' ಎಂದು ನಮ್ಮ ಹುಡುಗರು ಕೇಳಲಿ.

ಗಣತಿಗೆ ಹೋಗುವವರು ಬಹುಪಾಲು ಶಾಲೆಯ ಮಾಸ್ತರರು, ಅಕ್ಕೋರು. ಅವರಿಗೆ ಒಂದು ಮಾತು: ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ ಎಂದು ಗಣತಿಯ ನಿಯಮವೇ ಹೇಳುತ್ತದೆ. ಗುಡಿಯ ಕಟ್ಟಿ ಮ್ಯಾಲೆ ಕುಂತು ಊರ ಹಿರಿಯರ ಬಾಯಿಂದ ಕೇರಿಯ ಲೆಕ್ಕ ಬರಕೋಬ್ಯಾಡ್ರಿ. ಕೇರಿಯೊಳಗ ಬರ್ರಿ. ಹೊಸ್ತಿಲ ಮುಂದ ನಿಂತು, ಇಲ್ಲಿ ಎಷ್ಟು ಒಲಿ ಉರೀತಾವ ಅಂತ ಕೇಳ್ರಿ.