ಗವರ್ನರಿಕೆ ಎಂಬ ಪದ: ವೈತಾಂಗಿ ಒಪ್ಪಂದದ ಎರಡು ಪಾಠಗಳ ಓದು

ನ್ಯೂಜಿಲೆಂಡಿನ ಉತ್ತರ ದ್ವೀಪದ ವೈತಾಂಗಿಯಲ್ಲಿ 1840ರ ಫೆಬ್ರವರಿ 6ರಂದು ಮಾವೊರಿ ಮುಖಂಡರು ಬ್ರಿಟನ್ನಿನ ರಾಣಿಯ ಪ್ರತಿನಿಧಿಯೊಡನೆ ಮಾಡಿಕೊಂಡ ಒಪ್ಪಂದಕ್ಕೆ ಎರಡು ಪಾಠಗಳಿವೆ. ಇಂಗ್ಲಿಷ್ ಪಾಠದ ಮೊದಲನೆಯ ವಿಧಿ, ಮುಖಂಡರು ತಮ್ಮ ಸಾರ್ವಭೌಮತ್ವವನ್ನು ಸಂಪೂರ್ಣವಾಗಿ ರಾಣಿಗೆ ಬಿಟ್ಟುಕೊಡುತ್ತಾರೆ ಎನ್ನುತ್ತದೆ. ಮಾವೊರಿ ಪಾಠದ ಅದೇ ವಿಧಿಯಲ್ಲಿ ಅವರು ಬಿಟ್ಟುಕೊಡುವುದು ‘ಕಾವನತಂಗ’ವನ್ನು. ಈ ಎರಡು ಪದಗಳ ನಡುವಿನ ಅಂತರವನ್ನು ‘ತಪ್ಪು ಅನುವಾದ’ವೆಂದು ಕರೆಯುವುದು ಐವತ್ತು ವರ್ಷಗಳಿಂದ ವಾಡಿಕೆಯಾಗಿದೆ. ತಪ್ಪು ಅಜ್ಞಾನದಿಂದ ಆದದ್ದೇ ಅಥವಾ ಉದ್ದೇಶಪೂರ್ವಕವೇ ಎಂಬುದಷ್ಟೇ ಚರ್ಚೆಯ ವಿಷಯವಾಗಿ ಉಳಿದಿದೆ. ಈ ಚೌಕಟ್ಟೇ ಸಾಲದು ಎಂಬುದು ಇಲ್ಲಿನ ವಾದ. ಅನುವಾದದ ತಪ್ಪನ್ನು ಹುಡುಕುವವರು ಇಂಗ್ಲಿಷ್ ಪಾಠವನ್ನು ಮೂಲವೆಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ಆದರೆ ಸಭೆಯಲ್ಲಿ ವಾದಕ್ಕೆ ಒಳಗಾದದ್ದು, ಸಹಿ ಪಡೆದದ್ದು ಮಾವೊರಿ ಪಾಠ. ರಾಜಪ್ರತಿನಿಧಿಯನ್ನು ಯಾವ ಭಾಷೆಯಲ್ಲಿ ಬರಮಾಡಿಕೊಳ್ಳಲಾಯಿತೋ ಆ ಭಾಷೆಯಲ್ಲಿಯೇ ಅವನ ಅಧಿಕಾರದ ಮೇರೆಯನ್ನು ಓದಬೇಕಾಗುತ್ತದೆ.

ಒಪ್ಪಂದ ರೂಪುಗೊಂಡ ಬಗೆ ಇದಕ್ಕೆ ಮೊದಲ ಆಧಾರ. ವಸಾಹತು ಕಾರ್ಯದರ್ಶಿ ಲಾರ್ಡ್ ನಾರ್ಮನ್‌ಬಿ 1839ರ ಆಗಸ್ಟ್ 14ರಂದು ನೌಕಾಪಡೆಯ ಕ್ಯಾಪ್ಟನ್ ವಿಲಿಯಂ ಹಾಬ್ಸನ್‌ಗೆ ನೀಡಿದ ಸೂಚನೆಯಲ್ಲಿ, ರಾಣಿಯ ಅಧಿಕಾರಕ್ಕೆ ಮಾವೊರಿಗಳ ಸಮ್ಮತಿಯನ್ನು ಮುಕ್ತವಾಗಿ, ಅವರ ತಿಳಿವಳಿಕೆಯೊಡನೆ ಪಡೆಯಬೇಕೆಂದಿತ್ತು. ಹಾಬ್ಸನ್ ಬಂದಿಳಿದದ್ದು 1840ರ ಜನವರಿ 29ರಂದು, ಅದೂ ನ್ಯೂ ಸೌತ್ ವೇಲ್ಸಿನ ಗವರ್ನರನ ಅಧೀನದಲ್ಲಿರುವ ಲೆಫ್ಟಿನೆಂಟ್ ಗವರ್ನರನಾಗಿ. ಅವನೂ ಅವನ ಕಾರ್ಯದರ್ಶಿ ಜೇಮ್ಸ್ ಫ್ರೀಮನ್ ಹಾಗೂ ಅಲ್ಲಿ 1833ರಿಂದ ಬ್ರಿಟಿಷ್ ರೆಸಿಡೆಂಟನಾಗಿದ್ದ ಜೇಮ್ಸ್ ಬಸ್ಬಿಯೂ ಕೆಲವೇ ದಿನಗಳಲ್ಲಿ ಇಂಗ್ಲಿಷ್ ಕರಡನ್ನು ಸಿದ್ಧಪಡಿಸಿದರು. ಮಿಷನರಿ ಹೆನ್ರಿ ವಿಲಿಯಮ್ಸ್ ತನ್ನ ಮಗ ಎಡ್ವರ್ಡ್‌ನೊಡನೆ ಕೂತು ಫೆಬ್ರವರಿ 4ರ ರಾತ್ರಿ ಅದನ್ನು ಮಾವೊರಿಗೆ ತಂದನು. ಮರುದಿನ ಚರ್ಚೆ, ಅದರ ಮರುದಿನ ಸಹಿ. ಮುಂದಿನ ತಿಂಗಳುಗಳಲ್ಲಿ ಪ್ರತಿಗಳು ಊರೂರು ತಿರುಗಿ ಸುಮಾರು 540 ಮುಖಂಡರ ಸಹಿಗಳನ್ನು ಪಡೆದವು. ಇಂಗ್ಲಿಷ್ ಪಾಠದ ಹಾಳೆಗೆ ಬಿದ್ದ ಸಹಿಗಳು 39 ಮಾತ್ರ.

‘ಕಾವನ’ ಎಂಬುದು ‘ಗವರ್ನರ್’ ಪದದ ಮಾವೊರಿ ಉಚ್ಚಾರ. ‘ತಂಗ’ ಎಂಬುದು ಸ್ಥಾನವನ್ನೂ ಭಾವವನ್ನೂ ಸೂಚಿಸುವ ಪ್ರತ್ಯಯ. ಕನ್ನಡ ಓದುಗರಿಗೆ ಈ ರಚನೆ ಅಪರಿಚಿತವಲ್ಲ. ಗೌಡನಿಂದ ಗೌಡಿಕೆ, ಶಾನುಭೋಗನಿಂದ ಶಾನುಭೋಗಿಕೆ, ಒಡೆಯನಿಂದ ಒಡೆತನ, ದೊರೆಯಿಂದ ದೊರೆತನ ಆಗುವಂತೆ ಕಾವನನಿಂದ ಕಾವನತಂಗ ಆಗಿದೆ. ‘ತಂಗ’ ಮತ್ತು ‘ತನ’ಗಳ ಧ್ವನಿಸಾಮ್ಯ ಆಕಸ್ಮಿಕ, ಆದರೆ ಎರಡೂ ಮಾಡುವ ಕೆಲಸ ಒಂದೇ. ಹಾಗಾಗಿ ಕಾವನತಂಗಕ್ಕೆ ಕನ್ನಡದಲ್ಲಿ ಹತ್ತಿರದ ಪದ ‘ಗವರ್ನರಿಕೆ’ಯೇ ಹೊರತು ‘ಸಾರ್ವಭೌಮತ್ವ’ವಲ್ಲ. ಎರಡನೆಯ ವಿಧಿಯಲ್ಲಿ ರಾಣಿಯು ಮುಖಂಡರಿಗೆ ಉಳಿಸಿಕೊಡುವೆನೆಂದು ಮಾತು ಕೊಡುವುದು ಅವರ ನೆಲ, ಊರು ಮತ್ತು ಸಕಲ ‘ತಾವೊಂಗ’ಗಳ ಮೇಲಿನ ‘ರಂಗತಿರತಂಗ’ವನ್ನು. ರಂಗತಿರ ಎಂದರೆ ಕುಲದ ಮುಖಂಡ, ತಾವೊಂಗ ಎಂದರೆ ಜತನ ಮಾಡಬೇಕಾದ ಅಮೂಲ್ಯ ಸೊತ್ತು. ಇಂಗ್ಲಿಷ್ ಪಾಠದಲ್ಲಿ ಇದೇ ಜಾಗದಲ್ಲಿರುವುದು ಜಮೀನು, ಕಾಡು, ಮೀನುಗಾರಿಕೆ ಮತ್ತಿತರ ಆಸ್ತಿಗಳ ಸ್ವಾಧೀನ. ಗವರ್ನರಿಕೆ ರಾಣಿಗೆ, ದೊರೆತನ ತಮಗೆ ಎಂದು ಮಾವೊರಿ ಪಾಠ ಹಂಚಿಕೊಟ್ಟರೆ, ಇಂಗ್ಲಿಷ್ ಪಾಠ ಸಾರ್ವಭೌಮತ್ವವನ್ನು ಪಡೆದು ಆಸ್ತಿಯ ಹಕ್ಕನ್ನು ಮರಳಿಸುತ್ತದೆ.

ವಿಲಿಯಮ್ಸ್‌ಗೆ ಬೇರೆ ಪದ ಗೊತ್ತಿರಲಿಲ್ಲವೆಂಬ ಸಮಾಧಾನವನ್ನು ಇನ್ನೊಂದು ದಾಖಲೆ ಅಲ್ಲಗಳೆಯುತ್ತದೆ. 1835ರ ಅಕ್ಟೋಬರ್ 28ರಂದು ಉತ್ತರದ 34 ಮುಖಂಡರು ಸಹಿ ಹಾಕಿದ ಸ್ವಾತಂತ್ರ್ಯ ಘೋಷಣೆಯನ್ನು ಬಸ್ಬಿ ಬರೆದಿದ್ದ, ಮಾವೊರಿಗೆ ತಂದವನು ಇದೇ ವಿಲಿಯಮ್ಸ್. ಅಲ್ಲಿ ಪರಮಾಧಿಕಾರವನ್ನು ಹೇಳಲು ಅವನು ‘ಕೀಂಗಿತಂಗ’ ಮತ್ತು ‘ಮನ’ ಎಂಬ ಪದಗಳನ್ನು ಬಳಸಿದ. ಕೀಂಗಿತಂಗವೆಂದರೆ ಅರಸುತನ, ‘ಮನ’ವೆಂದರೆ ನೆಲದ ಮೇಲೂ ಜನರ ಮೇಲೂ ಮುಖಂಡನಿಗಿರುವ ಶಕ್ತಿ ಮತ್ತು ಪ್ರತಿಷ್ಠೆ. ಅದೇ ಘೋಷಣೆಯಲ್ಲಿ ‘ಕಾವನತಂಗ’ವೂ ಬರುತ್ತದೆ, ಆದರೆ ಕೆಳಗಿನ ಸ್ತರದಲ್ಲಿ: ಮುಖಂಡರು ನೇಮಿಸಿದವರು ಅವರ ಕಾನೂನಿಗೆ ಒಳಪಟ್ಟು ನಡೆಸಬಹುದಾದ ಆಡಳಿತ ಕಾರ್ಯ ಎಂಬ ಅರ್ಥದಲ್ಲಿ. ಐದು ವರ್ಷಗಳ ಹಿಂದೆ ಅಧೀನ ಅಧಿಕಾರವನ್ನು ಸೂಚಿಸಿದ ಪದವೇ 1840ರಲ್ಲಿ ಸರ್ವಾಧಿಕಾರದ ಸ್ಥಾನದಲ್ಲಿ ಕೂತಿತು. 1835ರ ಹಾಳೆಗೂ ಸಹಿ ಹಾಕಿದ್ದ ಮುಖಂಡರು ಆ ಪದಕ್ಕೆ ಹಳೆಯ ಅರ್ಥವನ್ನೇ ಕೊಟ್ಟಿದ್ದರೆ ಅದನ್ನು ಅವರ ತಪ್ಪೆನ್ನಲಾಗದು.

ಈ ವಿಷಯದ ವಿಮರ್ಶೆಯಲ್ಲಿ ಮೂರು ಬರಹಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ರುತ್ ರಾಸ್ 1972ರಲ್ಲಿ ಪ್ರಕಟಿಸಿದ ಲೇಖನ ಎರಡೂ ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಪ್ಪಂದವೆಂದರೆ ಮಾವೊರಿ ಪಾಠವೇ ಎಂದು ಖಚಿತವಾಗಿ ಹೇಳಿತು. ಆ ಪಾಠದ ಮಾವೊರಿ ಮಿಷನರಿಗಳ ಮಾವೊರಿಯೆಂದು ಗುರುತಿಸಿದ್ದು ಅದರ ಇನ್ನೊಂದು ಕೊಡುಗೆ. ಆದರೆ ಇಡೀ ಪ್ರಸಂಗವನ್ನು ಅವಸರದ, ಗೊಂದಲದ ಕೆಲಸವಾಗಿ ಕಾಣುವ ರಾಸ್, ಕೇಳುಗರು ಆ ಪದದಿಂದ ಏನನ್ನು ಕಟ್ಟಿಕೊಂಡರು ಎಂಬ ಪ್ರಶ್ನೆಗೆ ಹೆಚ್ಚು ಎಡೆ ಕೊಡುವುದಿಲ್ಲ. ಕ್ಲಾಡಿಯಾ ಆರೆಂಜ್‌ರ 1987ರ ಪುಸ್ತಕ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಮುಖಂಡರ ನಿರೀಕ್ಷೆಗಳನ್ನೂ ಒಪ್ಪಂದದ ನಂತರದ ಬದುಕನ್ನೂ ಅದು ವಿವರವಾಗಿ ನಿರೂಪಿಸುತ್ತದೆ. ನೆಡ್ ಫ್ಲೆಚರ್‌ರ 2022ರ ಬೃಹತ್ ಅಧ್ಯಯನದ ದಾರಿ ಬೇರೆ. ಲಂಡನ್ನಿನ ಕಡತಗಳನ್ನು ಆಧರಿಸಿದ ಅವರ ವಾದದಂತೆ, ಇಂಗ್ಲಿಷ್ ಪಾಠದ ‘ಸಾರ್ವಭೌಮತ್ವ’ವೇ ಸೀಮಿತ ಅರ್ಥದ್ದು. ಬ್ರಿಟಿಷ್ ಪ್ರಜೆಗಳನ್ನು ಹತೋಟಿಯಲ್ಲಿಡುವುದು ಅದರ ಉದ್ದೇಶವಾಗಿದ್ದು ಮಾವೊರಿಗಳ ಸ್ವಯಮಾಡಳಿತಕ್ಕೆ ಅದರಿಂದ ಬಾಧೆಯಿರಲಿಲ್ಲ, ಆದ್ದರಿಂದ ಎರಡು ಪಾಠಗಳು ಪರಸ್ಪರ ಹೊಂದುತ್ತವೆ.

ಫ್ಲೆಚರ್‌ರ ಪಾಂಡಿತ್ಯ ಪ್ರಶ್ನಾತೀತ, ಅವರ ನಿಲುವು ಮಾವೊರಿ ಹಕ್ಕಿಗೆ ಅನುಕೂಲವಾದದ್ದೂ ಹೌದು. ಆದರೂ ಅಲ್ಲಿ ಒಂದು ತೊಡಕಿದೆ. ಪಾಠಗಳ ಹೊಂದಾಣಿಕೆಯನ್ನು ಬರೆದವರ ಆಶಯದಿಂದ ಸಾಧಿಸಿದಾಗ ಮಾವೊರಿ ಪಾಠದ ಬಲ ಮತ್ತೆ ಲಂಡನ್ನಿನ ಸದುದ್ದೇಶವನ್ನು ಅವಲಂಬಿಸುತ್ತದೆ. ನಾಳೆ ಬೇರೊಂದು ಕಡತ ಬೇರೆ ಆಶಯವನ್ನು ತೋರಿಸಿದರೆ ಮಾವೊರಿ ಪಾಠದ ಅರ್ಥವೂ ಬದಲಾಗಬೇಕೇ? ಕಾವನತಂಗವನ್ನು ಅಳೆಯಲು ಸರಿಯಾದ ಅಳತೆಗೋಲು ಅದನ್ನು ಕೇಳಿ ಒಪ್ಪಿದವರ ಲೋಕದಲ್ಲಿಯೇ ಇದೆ.

ಆ ಲೋಕದಲ್ಲಿ ‘ಕಾವನ’ ಪದಕ್ಕೆ ಎರಡು ಮೂಲಗಳಿದ್ದವು. ಒಂದು ಬೈಬಲ್: 1837ರಲ್ಲಿ ವಿಲಿಯಂ ಕೊಲೆನ್ಸೊ ಪೈಹಿಯಾದಲ್ಲಿ ಮುದ್ರಿಸಿದ ಮಾವೊರಿ ಹೊಸ ಒಡಂಬಡಿಕೆಯಲ್ಲಿ ಪೊಂತಿಯ ಪಿಲಾತನು ಕಾವನ. ಇನ್ನೊಂದು ಸಿಡ್ನಿ: ಅಲ್ಲಿಗೆ ಹಡಗಿನಲ್ಲಿ ಹೋಗಿ ಬಂದ ಮುಖಂಡರು ಸೈನಿಕರೊಡನೆ ಇರುವ ಗವರ್ನರನನ್ನು ಕಣ್ಣಾರೆ ಕಂಡಿದ್ದರು. ಪಿಲಾತನ ಉದಾಹರಣೆಯನ್ನು ಸಾಮಾನ್ಯವಾಗಿ ಕಾವನತಂಗ ದುರ್ಬಲ ಪದವೆಂಬುದಕ್ಕೆ ಸಾಕ್ಷಿಯಾಗಿ ಕೊಡಲಾಗುತ್ತದೆ. ಅವನು ದೂರದ ಚಕ್ರವರ್ತಿಯ ಪ್ರತಿನಿಧಿ, ತಾನೇ ಅರಸನಲ್ಲ. ಆದರೆ ಮರಣದಂಡನೆಗೆ ಒಪ್ಪಿಸುವ ಅಧಿಕಾರ ಅವನದೇ, ಅರಸನೆಂಬ ಆರೋಪ ಹೊತ್ತು ನಿಂತವನ ವಿಚಾರಣೆ ನಡೆಸಿದವನೂ ಅವನೇ. ಆದ್ದರಿಂದ ಆ ಪದ ಮುಖಂಡರಿಗೆ ನಿರುಪದ್ರವಿಯಾಗಿ ಕೇಳಿಸಿತೆನ್ನುವುದು ಅವರ ವಿವೇಕವನ್ನು ಕಡಿಮೆ ಎಣಿಸಿದಂತೆ. ಫೆಬ್ರವರಿ 5ರ ಚರ್ಚೆಯ ಬಗ್ಗೆ ಕೊಲೆನ್ಸೊ ಬಿಟ್ಟುಹೋದ ವರದಿಯೂ ಇದನ್ನೇ ತೋರಿಸುತ್ತದೆ. ತೆ ಕೆಮರ ಮೊದಲಾದವರು ವಿರೋಧಿಸಿದ್ದು ಗವರ್ನರನು ತಮಗಿಂತ ಮೇಲಾಗುವನೆಂಬ ಕಾರಣಕ್ಕೆ. ಸರಿಸಮನಾಗಿ ಇರುವುದಾದರೆ ಸರಿ, ಒಬ್ಬರು ಮೇಲೆ ಇನ್ನೊಬ್ಬರು ಕೆಳಗೆ ಎಂದಾದರೆ ಬೇಡ ಎಂಬುದು ಅವರ ಮಾತಿನ ತಿರುಳು. ತಾಮತಿ ವಾಕ ನೆನೆ ಗವರ್ನರನು ಉಳಿಯಲೆಂದು ಮಾತಾಡಿ ಸಭೆಯ ದಿಕ್ಕನ್ನು ಬದಲಿಸಿದ. ಅಂದರೆ ಮುಖಂಡರು ಚರ್ಚಿಸಿದ್ದು ಅಮೂರ್ತ ಸಾರ್ವಭೌಮತ್ವವನ್ನಲ್ಲ, ಎದುರಿಗಿದ್ದ ಒಬ್ಬ ಪ್ರತಿನಿಧಿ ತಮ್ಮ ನಡುವೆ ಎಲ್ಲಿ ಕೂರಬೇಕೆಂಬುದನ್ನು. ಪದದ ಅಪಾಯವನ್ನು ಅರಿತೇ ಅವರು ಅದಕ್ಕೆ ಎರಡನೆಯ ವಿಧಿಯ ಬೇಲಿಯನ್ನು ಒಪ್ಪಿಕೊಂಡರು.

ಬೇಲಿ ಬಹಳ ದಿನ ಉಳಿಯಲಿಲ್ಲ. ಸಹಿ ಸಂಗ್ರಹ ಮುಗಿಯುವ ಮೊದಲೇ, 1840ರ ಮೇ 21ರಂದು, ಹಾಬ್ಸನ್ ಇಡೀ ದೇಶದ ಮೇಲೆ ರಾಣಿಯ ಸಾರ್ವಭೌಮತ್ವವನ್ನು ಘೋಷಿಸಿದ. ಆ ಘೋಷಣೆ ಇಂಗ್ಲಿಷ್ ಪಾಠವನ್ನು ಅನುಸರಿಸಿತ್ತು. 1858ರಲ್ಲಿ ವೈಕಾತೊ ಮತ್ತು ನೆರೆಯ ಕುಲಗಳು ಪೊತತೌ ತೆ ವೆರೊವೆರೊನನ್ನು ಅರಸನನ್ನಾಗಿ ಮಾಡಿ ತಮ್ಮ ಚಳವಳಿಗೆ ಕೀಂಗಿತಂಗ ಎಂಬ ಹೆಸರನ್ನೇ ಕೊಟ್ಟವು. 1835ರಲ್ಲಿದ್ದು 1840ರಲ್ಲಿ ಕೈಬಿಟ್ಟುಹೋದ ಪದ ಹೀಗೆ ಮರಳಿ ಬಂತು. ಗವರ್ನರ್ ಜಾರ್ಜ್ ಗ್ರೇ 1863ರ ಜುಲೈಯಲ್ಲಿ ವೈಕಾತೊದ ಮೇಲೆ ಸೈನ್ಯ ನುಗ್ಗಿಸಿದ. ಅಲ್ಲಿ ಸುಮಾರು 12 ಲಕ್ಷ ಎಕರೆ ನೆಲ ಮುಟ್ಟುಗೋಲಾಯಿತು. ಪಿಲಾತನ ಕಥೆಯಲ್ಲಿ ಅಡಗಿದ್ದ ಕಾವನ–ಅರಸರ ಮುಖಾಮುಖಿ ಇಲ್ಲಿ ಚರಿತ್ರೆಯಾಯಿತು.

ಇಂದು ಆ ಹುದ್ದೆಯ ಸ್ಥಿತಿ ತಿರುವುಮುರುವಾಗಿದೆ. ನ್ಯೂಜಿಲೆಂಡಿನ ಗವರ್ನರ್ ಜನರಲ್ ಮಂತ್ರಿಗಳ ಸಲಹೆಯಂತೆ ನಡೆಯುವ, ಬಹುತೇಕ ಔಪಚಾರಿಕವಾದ ರಾಜಪ್ರತಿನಿಧಿ. 1985ರಲ್ಲಿ ಪಾಲ್ ರೀವ್ಸ್ ಆ ಸ್ಥಾನಕ್ಕೇರಿದ ಮೊದಲ ಮಾವೊರಿ ಮೂಲದವರಾದರು, 2021ರಲ್ಲಿ ಸಿಂಡಿ ಕಿರೊ ಮೊದಲ ಮಾವೊರಿ ಮಹಿಳೆಯಾದರು. ಹುದ್ದೆಯ ಮಾವೊರಿ ಹೆಸರಿನಲ್ಲಿ ‘ಕಾವನ’ ಪದ ಈಗಲೂ ಇದೆ. ಆದರೆ ‘ಕಾವನತಂಗ’ ಅವರ ಬಳಿ ಉಳಿದಿಲ್ಲ: ಇಂದಿನ ಮಾವೊರಿಯಲ್ಲಿ ಅದರ ಅರ್ಥ ಸರ್ಕಾರ. ಪ್ರತಿನಿಧಿಯಿಂದ ಅಧಿಕಾರ ಜಾರಿಹೋದರೂ ಅವನ ಹೆಸರಿನಿಂದ ಹುಟ್ಟಿದ ಪದ ಬಹುಮತದ ಸರ್ಕಾರದ ಕೈಸೇರಿ ಇನ್ನಷ್ಟು ಹಿಗ್ಗಿತು. 2014ರಲ್ಲಿ ವೈತಾಂಗಿ ನ್ಯಾಯಮಂಡಳಿ, ಉತ್ತರದ ಮುಖಂಡರು 1840ರ ಫೆಬ್ರವರಿಯಲ್ಲಿ ಸಾರ್ವಭೌಮತ್ವವನ್ನು ಬಿಟ್ಟುಕೊಡಲಿಲ್ಲ ಎಂಬ ತೀರ್ಮಾನಕ್ಕೆ ಬಂತು. ಸರ್ಕಾರಕ್ಕೆ ಆಳುವ ಪೂರ್ಣ ಅಧಿಕಾರವಿದೆ ಎಂಬುದನ್ನು ಒಪ್ಪಂದದ ಮೊದಲ ತತ್ವವಾಗಿ ಬರೆಯಹೊರಟ ಮಸೂದೆ 2025ರ ಏಪ್ರಿಲ್ 10ರಂದು ಸಂಸತ್ತಿನಲ್ಲಿ 112–11 ಮತಗಳಿಂದ ಬಿದ್ದುಹೋಯಿತು. ಮೊದಲನೆಯ ವಿಧಿಯ ವ್ಯಾಖ್ಯಾನ ಇನ್ನೂ ಮುಗಿದಿಲ್ಲ.

ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನಕ್ಕೆ ಈ ಪ್ರಕರಣದ ಮಹತ್ವ ಎರಡನೆಯ ವಿಧಿಯ ಇನ್ನೊಂದು ಪದದಲ್ಲಿದೆ. ನ್ಯಾಯಮಂಡಳಿಯನ್ನು ಸ್ಥಾಪಿಸಿದ 1975ರ ಕಾಯ್ದೆ ಎರಡೂ ಪಾಠಗಳನ್ನು ಗಮನಕ್ಕೆ ತೆಗೆದುಕೊಳ್ಳಬೇಕೆಂದು ವಿಧಿಸಿತು. ಅದರ ಫಲವಾಗಿ ನ್ಯಾಯಮಂಡಳಿ 1986ರಲ್ಲಿ ಮಾವೊರಿ ಭಾಷೆಯೂ ಒಂದು ತಾವೊಂಗವೆಂದು ಒಪ್ಪಿತು, 1987ರಲ್ಲಿ ಅದು ಅಧಿಕೃತ ಭಾಷೆಯಾಯಿತು. ಜಮೀನು, ಕಾಡು, ಮೀನುಗಾರಿಕೆಗಳ ಇಂಗ್ಲಿಷ್ ಪಟ್ಟಿಯಲ್ಲಿ ಭಾಷೆಗೆ ಜಾಗ ಸಿಗುವುದು ಕಷ್ಟವಿತ್ತು. ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕು ಆ ಭಾಷೆಯ ಪಾಠದಿಂದಲೇ ಬಂತು.

ಭಾರತದ ರಾಜ್ಯಪಾಲ ಯಾವ ದೊರೆಯ ಪ್ರತಿನಿಧಿಯೂ ಅಲ್ಲ, ಆದರೆ ಆ ಹುದ್ದೆ ವಸಾಹತು ಕಾಲದ ಗವರ್ನರಿಕೆಯ ವಾರಸು. ಸಂವಿಧಾನದ 348ನೆಯ ವಿಧಿಯ ಮೂರನೆಯ ಉಪವಿಧಿಯಂತೆ, ರಾಜ್ಯವೊಂದು ಬೇರೆ ಭಾಷೆಯಲ್ಲಿ ಕಾಯ್ದೆ ಮಾಡಿದರೆ, ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವನ್ನು ಅದರ ಅಧಿಕೃತ ಇಂಗ್ಲಿಷ್ ಪಾಠವೆಂದು ಭಾವಿಸಬೇಕು. 350ನೆಯ ವಿಧಿ, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕಾಸರಗೋಡಿನ, ತಾಳವಾಡಿಯ, ಅಕ್ಕಲಕೋಟೆಯ, ಆದವಾನಿಯ ಕನ್ನಡಿಗ ತನ್ನ ಅಹವಾಲನ್ನು ಕನ್ನಡದಲ್ಲಿ ಬರೆಯಬಹುದು. ಅದಕ್ಕೆ ಉತ್ತರವಾಗಿ ಇಳಿದುಬರುವ ಆದೇಶದ ಅರ್ಥವನ್ನು ಯಾವ ಪಾಠ ನಿರ್ಧರಿಸುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಗಡಿನಾಡಿನ ಭಾಷಾಹಕ್ಕಿನ ಚರ್ಚೆಗಳು ಸಾಮಾನ್ಯವಾಗಿ ಅನುವಾದ ಸಿಗುತ್ತದೆಯೇ ಎಂಬಲ್ಲಿಗೆ ನಿಲ್ಲುತ್ತವೆ. ಸಿಕ್ಕ ಅನುವಾದಕ್ಕೆ ಅಧಿಕಾರಿಯನ್ನು ಕಟ್ಟಿಹಾಕುವ ಬಲವಿದೆಯೇ ಎಂದು ಕೇಳುವುದು ಅದರ ಮುಂದಿನ ಹೆಜ್ಜೆ. ವೈತಾಂಗಿಯ ಮಾವೊರಿ ಪಾಠಕ್ಕೆ ಆ ಬಲದ ಒಂದಂಶ ದಕ್ಕಲು 1840ರಿಂದ 1975ರವರೆಗೆ, 135 ವರ್ಷ, ಕಾಯಬೇಕಾಯಿತು.